ಸರಕು ವಾಪಸ್ ಕೇಳುವ ಕಾನೂನಿನ ಮೂಲಕ ಬಿಡುಗಡೆ: ವಕೀಲ ಥಿಯೋಡರ್ ಸೆಜ್‌ವಿಕ್ ಮತ್ತು ಅವನ ಮನೆಮಂದಿ

1781ರ ಬೇಸಿಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶೆಫೀಲ್ಡ್ ಎಂಬ ಸಣ್ಣ ಊರು. ಕರ್ನಲ್ ಜಾನ್ ಆಶ್ಲಿಯ ಮನೆಗೆ ಕೋರ್ಟಿನ ಆದೇಶ ಹಿಡಿದು ಶೆರಿಫ್, ಅಂದರೆ ಆದೇಶ ಜಾರಿ ಮಾಡುವ ಅಧಿಕಾರಿ, ಬಂದ. ಆಶ್ಲಿ ಸಾಮಾನ್ಯ ಕುಳ ಅಲ್ಲ. ಆ ಭಾಗದ ದೊಡ್ಡ ಜಮೀನುದಾರ, ಹಿಂದೆ ಜಡ್ಜ್ ಆಗಿದ್ದವನು ಬೇರೆ. ಆದೇಶದಲ್ಲಿ ಇದ್ದದ್ದು ಇಷ್ಟೇ: ನೀನು ಅಕ್ರಮವಾಗಿ ಇಟ್ಟುಕೊಂಡಿರುವ ಬ್ರಾಮ್ ಮತ್ತು ಬೆಟ್ ಇಬ್ಬರನ್ನೂ ಒಪ್ಪಿಸು. ಆಶ್ಲಿ ಒಪ್ಪಿಸಲಿಲ್ಲ. ಇವರಿಬ್ಬರೂ ಸಾಯುವ ತನಕ ನನ್ನ ಆಳುಗಳು, ಹಕ್ಕು ನನ್ನದು ಎಂದ.

ಆ ಆದೇಶವನ್ನು ರಿಪ್ಲೆವಿನ್ ಎನ್ನುತ್ತಾರೆ. ಇಂಗ್ಲೆಂಡಿನ ಹಳೇ ಕಾನೂನಿನಲ್ಲಿ ಇದರ ಕೆಲಸವೇ ಬೇರೆ. ಗೇಣಿ ಬಾಕಿ ಇದೆ ಅಂತ ಜಮೀನಿನ ಒಡೆಯ ರೈತನ ದನಗಳನ್ನು ಹಿಡಿದು ಕಟ್ಟಿಹಾಕಿಕೊಂಡ ಅನ್ನಿ. ಆಗ ರೈತ ಕೋರ್ಟಿಗೆ ಹೋಗಿ ರಿಪ್ಲೆವಿನ್ ತರುತ್ತಿದ್ದ. ಶೆರಿಫ್ ಮೊದಲು ದನ ಬಿಡಿಸಿ ಕೊಡುತ್ತಿದ್ದ, ಯಾರ ಹಕ್ಕು ಸರಿ ಅನ್ನೋದು ಆಮೇಲೆ ವಿಚಾರಣೆಯಲ್ಲಿ ತೀರ್ಮಾನ ಆಗುತ್ತಿತ್ತು. ಒಟ್ಟಿನಲ್ಲಿ ಇದು ಸರಕು ವಾಪಸ್ ಪಡೆಯುವ ದಾರಿ. ಶೆಫೀಲ್ಡಿನ ಕೇಸಿನಲ್ಲಿ ಮಾತ್ರ ಅರ್ಜಿ ಹಾಕಿದ್ದು ಸರಕಿನ ಒಡೆಯ ಅಲ್ಲ, ಸರಕು ಅನ್ನಿಸಿಕೊಂಡವರೇ. ನಮ್ಮನ್ನು ನಮಗೆ ವಾಪಸ್ ಕೊಡಿ ಅಂತ ಇಬ್ಬರು ಗುಲಾಮರು ಕೇಳಿದ್ದರು.

ಈ ಅರ್ಜಿ ಹಾಕಿಸಿದ ವಕೀಲ ಥಿಯೋಡರ್ ಸೆಜ್‌ವಿಕ್. ಆಗ ಅವನಿಗೆ 35 ವರ್ಷ. ಮುಂದೆ ಅವನು ಅಮೆರಿಕದ ಸಂಸತ್ತಿನ ಕೆಳಮನೆಯ ಸ್ಪೀಕರ್ ಆದ, ರಾಜ್ಯದ ಸುಪ್ರೀಂ ಕೋರ್ಟಿನ ಜಡ್ಜ್ ಆದ. ಹೆಸರು ಉಳಿದಿರುವುದು ಮಾತ್ರ ಬಹುಪಾಲು ಈ ಒಂದು ಕೇಸಿನಿಂದ. ಕೇಸನ್ನಷ್ಟೇ ನೋಡಿದರೆ ಅವನು ಮಹಾನುಭಾವ. ಮನೆಯೊಳಗೂ ಸ್ವಲ್ಪ ಇಣುಕಿದರೆ ಲೆಕ್ಕ ಅಷ್ಟು ಸಲೀಸಾಗಿ ತಾಳೆಯಾಗುವುದಿಲ್ಲ.

ಹುಟ್ಟಿದ್ದು 1746ರಲ್ಲಿ, ಪಕ್ಕದ ಕನೆಕ್ಟಿಕಟ್‌ನ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿ. ಹುಡುಗ ಚಿಕ್ಕವನಿರುವಾಗಲೇ ಅಪ್ಪ ತೀರಿಕೊಂಡ. ಅಣ್ಣ ಜಾನ್ ದುಡಿದು ತಮ್ಮನನ್ನು ಯೇಲ್ ಕಾಲೇಜಿಗೆ ಕಳಿಸಿದ. ತಮ್ಮ ಅಲ್ಲಿ ಏನೋ ತುಂಟಾಟ ಮಾಡಿಕೊಂಡು ಡಿಗ್ರಿ ಇಲ್ಲದೆ ಹೊರಬಿದ್ದ. (ಆ ಅಣ್ಣನ ಮೊಮ್ಮಗನೂ ಜಾನ್ ಸೆಜ್‌ವಿಕ್ಕೇ. ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದವನು. ಇಷ್ಟು ದೂರದಿಂದ ಶತ್ರುಗಳು ಆನೆಗೂ ಗುರಿ ಇಡಲಾರರು ಅಂತ ತನ್ನ ಸೈನಿಕರನ್ನು ಗೇಲಿ ಮಾಡಿದ ಬೆನ್ನಲ್ಲೇ ಗುಂಡು ತಗುಲಿ ಸತ್ತವನು ಇವನೇ.) ಥಿಯೋಡರ್ ಮೊದಲು ಪಾದ್ರಿಯಾಗಲು ಹೊರಟ, ಆಮೇಲೆ ಮನಸ್ಸು ಬದಲಿಸಿ ಕಾನೂನು ಹಿಡಿದ. ಆಗ ಅಲ್ಲಿ ಲಾ ಕಾಲೇಜು ಅಂತ ಯಾವುದೂ ಇರಲಿಲ್ಲ. ಯಾವುದಾದರೂ ಹಿರಿಯ ವಕೀಲನ ಕಚೇರಿ ಸೇರಿ, ಕಾಗದಪತ್ರ ನಕಲು ಮಾಡುತ್ತಾ ಕಲಿಯಬೇಕಿತ್ತು. ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ ಹಾಗೆ ಕಲಿತು 1766ರಲ್ಲಿ ವಕೀಲನಾದ.

ಮೊದಲ ಹೆಂಡತಿ ಎಲಿಜಾ ಮೇಸನ್. ಮದುವೆಯಾಗಿ ಮೂರು ವರ್ಷಕ್ಕೆ ಥಿಯೋಡರನಿಗೆ ಸಿಡುಬು ಬಂತು. ಅವನು ಗುಣವಾದ. ಅವನಿಂದ ಅಂಟಿಸಿಕೊಂಡ ಹೆಂಡತಿ ಬದುಕಲಿಲ್ಲ. 1774ರಲ್ಲಿ ಪಮೇಲಾ ಡ್ವೈಟ್‌ಳನ್ನು ಮದುವೆಯಾದ. ಪಮೇಲಾಳದ್ದು ಆ ಭಾಗದ ದೊಡ್ಡ ಮನೆತನ. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜು ಹುಟ್ಟಿದ್ದು ಅವಳ ತಾಯಿಯ ಮಲ ಅಣ್ಣನ ಉಯಿಲಿನ ಹಣದಿಂದ. ಅಪ್ಪನಿಲ್ಲದ ಹುಡುಗನಿಗೆ ಈ ಸಂಬಂಧ ದೊಡ್ಡ ಏಣಿ.

ಈಗ ಬೆಟ್ ವಿಷಯಕ್ಕೆ ಬರೋಣ.

1773ರ ಜನವರಿಯಲ್ಲಿ ಶೆಫೀಲ್ಡಿನ ಹನ್ನೊಂದು ಜನ ಇದೇ ಆಶ್ಲಿಯ ಮನೆಯಲ್ಲಿ ಕೂತು ಬ್ರಿಟಿಷರ ವಿರುದ್ಧ ಒಂದು ನಿರ್ಣಯ ಬರೆದರು. ಮನುಷ್ಯರೆಲ್ಲ ಸ್ವಭಾವತಃ ಸಮಾನರು, ಸ್ವತಂತ್ರರು. ತಮ್ಮ ಪ್ರಾಣ, ಸ್ವಾತಂತ್ರ್ಯ, ಆಸ್ತಿ ಅನುಭವಿಸುವ ಹಕ್ಕು ಅವರಿಗಿದೆ ಅಂತ ಅದರಲ್ಲಿತ್ತು. ಬರವಣಿಗೆಯಲ್ಲಿ ಮುಖ್ಯ ಕೈ ಸೆಜ್‌ವಿಕ್‌ನದ್ದು. ಅದೇ ಮನೆಯಲ್ಲಿ ಕೆಲಸ ಮಾಡುತ್ತಿದ್ದವಳು ಬೆಟ್, ಆಶ್ಲಿಯ ಗುಲಾಮಳು. ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಿದ್ದ ಗಂಡಸರಲ್ಲಿ ಯಾರಿಗೂ ಅವಳ ನೆನಪು ಬಂದಂತೆ ಕಾಣುವುದಿಲ್ಲ. ಬರೀ ಆಶ್ಲಿಯನ್ನು ಬೈಯುವ ಹಾಗೂ ಇಲ್ಲ. 1777ರ ಜುಲೈ 1ರ ಒಂದು ಕ್ರಯಪತ್ರ ಇವತ್ತಿಗೂ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಟಾನ್ ಎಂಬ ಗುಲಾಮ ಹೆಂಗಸನ್ನು ಕೊಂಡ ಪತ್ರ. ಕೊಂಡವನ ಹೆಸರು ಥಿಯೋಡರ್ ಸೆಜ್‌ವಿಕ್.

ಆಶ್ಲಿಯ ಹೆಂಡತಿ ಹ್ಯಾನಾ ಮಹಾ ಸಿಟ್ಟಿನವಳು. ಒಂದು ದಿನ ಒಲೆಯಲ್ಲಿ ಕಾದಿದ್ದ ಕಬ್ಬಿಣದ ಸಲಿಕೆ ಎತ್ತಿ ಅಡುಗೆಮನೆಯ ಇನ್ನೊಬ್ಬ ಹುಡುಗಿಗೆ ಬೀಸಿದಳು. ಬೆಟ್ ಅಡ್ಡ ಬಂದಳು. ಏಟು ಅವಳ ತೋಳಿಗೆ ಬಿತ್ತು, ಕಲೆ ಹೋಗಲೇ ಇಲ್ಲ. ಆಮೇಲೆ ಅವಳು ಆ ತೋಳನ್ನು ಮುಚ್ಚಿಕೊಳ್ಳುತ್ತಿರಲಿಲ್ಲವಂತೆ. ಯಾರಾದರೂ ಹ್ಯಾನಾಳ ಎದುರಿಗೇ 'ಕೈಗೆ ಏನಾಯ್ತು' ಅಂದರೆ, 'ಅಮ್ಮಾವ್ರನ್ನೇ ಕೇಳಿ' ಅನ್ನುತ್ತಿದ್ದಳು. ಸಾಕ್ಷಿಯನ್ನು ಎಲ್ಲಿ, ಯಾರ ಮುಂದೆ ಇಡಬೇಕು ಅನ್ನೋದು ಅವಳಿಗೆ ಯಾವ ವಕೀಲನೂ ಹೇಳಿಕೊಡಬೇಕಿರಲಿಲ್ಲ.

1780ರಲ್ಲಿ ಮ್ಯಾಸಚೂಸೆಟ್ಸ್ ತನ್ನದೇ ಸಂವಿಧಾನ ಮಾಡಿಕೊಂಡಿತು. ಅದರ ಮೊದಲ ಕಲಮಿನಲ್ಲೇ ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಅಂತ ಬರೆದಿತ್ತು. ಬೆಟ್‌ಗೆ ಓದು ಬರಹ ಬರುತ್ತಿರಲಿಲ್ಲ. ಇಂಥ ಮಾತುಗಳನ್ನು ಜೋರಾಗಿ ಓದುವುದನ್ನು ಕೇಳಿಸಿಕೊಂಡಿದ್ದಳು. ಸೆಜ್‌ವಿಕ್‌ನ ಹತ್ತಿರ ಹೋಗಿ, ಈ ಕಾನೂನು ನನಗೂ ಸ್ವಾತಂತ್ರ್ಯ ಕೊಡೋದಿಲ್ವಾ ಅಂತ ಕೇಳಿದಳು. ಅವನು ಕೇಸು ತೆಗೆದುಕೊಂಡ. ಜೊತೆಗೆ ಕನೆಕ್ಟಿಕಟ್‌ನ ಟ್ಯಾಪಿಂಗ್ ರೀವ್ ಎಂಬ ವಕೀಲನನ್ನೂ ಸೇರಿಸಿಕೊಂಡ. ಆಶ್ಲಿಯ ಇನ್ನೊಬ್ಬ ಗುಲಾಮ ಬ್ರಾಮ್ ಕೂಡ ವಾದಿಯಾದ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗುಲಾಮರು ಕೋರ್ಟಿಗೆ ಹೋದದ್ದು ಇದೇ ಮೊದಲಲ್ಲ. ದಕ್ಷಿಣದ ರಾಜ್ಯಗಳಿಗಿಂತ ಮ್ಯಾಸಚೂಸೆಟ್ಸ್ ಸ್ವಲ್ಪ ಭಿನ್ನ. ಅಲ್ಲಿ ಗುಲಾಮ ಕೊಳ್ಳುವ ಮಾರುವ ವಸ್ತುವೂ ಹೌದು, ದಾವೆ ಹೂಡಬಲ್ಲ ವ್ಯಕ್ತಿಯೂ ಹೌದು. ಬಿಡುಗಡೆ ಕೇಳಿ ಹಲವರು ಗೆದ್ದೂ ಇದ್ದರು. ಆದರೆ ಆ ಕೇಸುಗಳೆಲ್ಲ ಒಬ್ಬೊಬ್ಬರ ಸ್ವಂತ ಕಥೆಯ ಮೇಲೆ ನಿಂತಿದ್ದವು. ಧಣಿ ಬಿಡುತ್ತೇನೆ ಅಂತ ಮಾತು ಕೊಟ್ಟು ತಪ್ಪಿದ, ನನ್ನ ತಾಯಿ ಸ್ವತಂತ್ರಳಾಗಿದ್ದಳು, ಹೀಗೆ. ಬೆಟ್ ಕೇಸಿನಲ್ಲಿ ಅಂಥ ನೆಪ ಯಾವುದೂ ಇರಲಿಲ್ಲ. ಗುಲಾಮಗಿರಿಯೇ ಕಾನೂನುಬದ್ಧವೋ ಅಲ್ಲವೋ ಅನ್ನುವುದೇ ಪ್ರಶ್ನೆ. ಸೆಜ್‌ವಿಕ್ ಎರಡು ಕಡೆಯಿಂದ ಹಿಡಿದ. ಈ ರಾಜ್ಯದಲ್ಲಿ ಗುಲಾಮಗಿರಿಯನ್ನು ಸ್ಥಾಪಿಸಿದ ಕಾನೂನು ಯಾವತ್ತೂ ಇರಲಿಲ್ಲ ಅನ್ನುವುದು ಒಂದು. ಇತ್ತು ಅಂತಲೇ ಇಟ್ಟುಕೊಂಡರೂ ಹೊಸ ಸಂವಿಧಾನ ಅದನ್ನು ರದ್ದು ಮಾಡಿತು ಅನ್ನುವುದು ಇನ್ನೊಂದು. ರಿಪ್ಲೆವಿನ್ ಆರಿಸಿಕೊಂಡದ್ದರ ಜಾಣತನ ಇರುವುದು ಇಲ್ಲೇ. ಅದು ಕೇಸನ್ನು ನೇರವಾಗಿ ಹಕ್ಕಿನ ಪ್ರಶ್ನೆಗೇ ತಂದು ನಿಲ್ಲಿಸುತ್ತದೆ. ನನ್ನದು ಅಂತೀಯಲ್ಲ, ಯಾವ ಕಾನೂನಿನ ಪ್ರಕಾರ ನಿನ್ನದು, ಹೇಳು ನೋಡೋಣ ಅಂತ ಆಶ್ಲಿಯನ್ನು ಕೇಳಿದ ಹಾಗಾಯಿತು.

ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್‌ನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಬ್ರಾಮ್ ಮತ್ತು ಬೆಟ್ ಆಶ್ಲಿಯ ಕಾನೂನುಬದ್ಧ ಗುಲಾಮರಲ್ಲ ಅಂತ ಜ್ಯೂರಿ ಹೇಳಿತು. ಮೂವತ್ತು ಶಿಲ್ಲಿಂಗ್ ಪರಿಹಾರ, ಮೇಲೆ ಕೋರ್ಟ್ ಖರ್ಚು. ಆಶ್ಲಿ ಮೇಲ್ಮನವಿ ಹಾಕಿದ, ಆಮೇಲೆ ತಾನೇ ಕೈಬಿಟ್ಟ. ಕ್ವಾಕ್ ವಾಕರ್ ಎಂಬ ಇನ್ನೊಬ್ಬ ಗುಲಾಮನ ಕೇಸುಗಳೂ ಅದೇ ಹೊತ್ತಿಗೆ ನಡೆಯುತ್ತಿದ್ದವು. ಆ ಸರಣಿಯ ಕೊನೆಯ ಕೇಸಿನಲ್ಲಿ, 1783ರಲ್ಲಿ, ಮುಖ್ಯ ನ್ಯಾಯಮೂರ್ತಿ ವಿಲಿಯಂ ಕುಶಿಂಗ್ ಗುಲಾಮಗಿರಿ ಈ ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಜ್ಯೂರಿಗೆ ತಿಳಿಸಿದ. ರಾಜ್ಯದ ಶಾಸನಸಭೆ ಗುಲಾಮಗಿರಿ ರದ್ದು ಅಂತ ಒಂದು ಕಾಯಿದೆಯನ್ನೂ ಮಾಡಲಿಲ್ಲ. ಆದರೂ 1790ರ ಮೊದಲ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮರ ಲೆಕ್ಕದಲ್ಲಿ ಸೊನ್ನೆ ಬಂತು.

ಸಂಬಳ ಕೊಡುತ್ತೇನೆ, ವಾಪಸ್ ಬಾ ಅಂತ ಆಶ್ಲಿ ಬೆಟ್‌ಳನ್ನು ಕರೆದನಂತೆ. ಅವಳು ಹೋಗಲಿಲ್ಲ. ಎಲಿಜಬೆತ್ ಫ್ರೀಮನ್ ಅಂತ ಹೆಸರಿಟ್ಟುಕೊಂಡು ಸೆಜ್‌ವಿಕ್ ಮನೆಯಲ್ಲಿ ಸಂಬಳದ ಕೆಲಸಕ್ಕೆ ಸೇರಿದಳು. ಆ ಮನೆಯ ಮಕ್ಕಳ ಬಾಯಲ್ಲಿ ಅವಳು ಮಮ್‌ಬೆಟ್. 1785ರಲ್ಲಿ ಕುಟುಂಬ ಸ್ಟಾಕ್‌ಬ್ರಿಜ್‌ಗೆ ಬಂದು ದೊಡ್ಡ ಮನೆ ಕಟ್ಟಿಕೊಂಡಿತು. ಆ ಊರು ಶುರುವಾಗಿದ್ದು ಮೋಹಿಕನ್ ಮೂಲನಿವಾಸಿಗಳಿಗಾಗಿ ಕಟ್ಟಿದ ಮಿಷನರಿ ಊರಾಗಿ. ಅಷ್ಟರಲ್ಲಿ ಅವರ ಜಮೀನು ಒಂದೊಂದಾಗಿ ಕೈತಪ್ಪಿ, ಅವರು ನ್ಯೂಯಾರ್ಕ್ ಕಡೆಗೆ ಗುಳೆ ಹೋಗುತ್ತಿದ್ದರು. ಅದೂ ಈ ಕಥೆಯ ಹಿಂದೆ ಇರುವ ನೆಲ.

ಹೀಗೆಂದ ಮಾತ್ರಕ್ಕೆ ಸೆಜ್‌ವಿಕ್ ಬಡವರ ಪಕ್ಷದವನು ಅಂದುಕೊಳ್ಳಬೇಡಿ. 1786ರಲ್ಲಿ ಸಾಲ, ತೆರಿಗೆ ತಾಳಲಾರದೆ ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು ತಿರುಗಿಬಿದ್ದರು. ಜಪ್ತಿ ಆದೇಶ ಹೊರಡಬಾರದು ಅಂತ ಕೋರ್ಟುಗಳನ್ನೇ ಮುಚ್ಚಿಸಿದರು. ಶೇಸ್ ದಂಗೆ ಅನ್ನುವುದು ಇದನ್ನೇ. ಸಾಲ ಕೊಟ್ಟವರ ಪರ ವಕೀಲನಾಗಿದ್ದ ಸೆಜ್‌ವಿಕ್ ಮೇಲೆ ಅವರಿಗೆ ಕೆಂಡದಂಥ ಕೋಪ. 1787ರ ಫೆಬ್ರವರಿಯಲ್ಲಿ ದಂಗೆಕೋರರು ಸ್ಟಾಕ್‌ಬ್ರಿಜ್‌ನ ಮನೆಗೆ ನುಗ್ಗಿದಾಗ ಯಜಮಾನ ಊರಲ್ಲಿರಲಿಲ್ಲ. ಇದ್ದವಳು ಮಮ್‌ಬೆಟ್. ಬೆಳ್ಳಿ ಸಾಮಾನನ್ನೆಲ್ಲ ಅವಳು ಮೊದಲೇ ತನ್ನ ಪೆಟ್ಟಿಗೆಗೆ ತುಂಬಿಟ್ಟಿದ್ದಳು. ನೆಲಮಾಳಿಗೆಯಲ್ಲಿ ಅವರಿಗೆ ಪೋರ್ಟರ್ ಬಿಯರ್ ಕೊಟ್ಟಳು. ಅದರ ಕಹಿ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಅವಳ ಪೆಟ್ಟಿಗೆ ಮುಂದೆ ಬಂದು ನಿಂತಾಗ, ದೊಡ್ಡ ಮನುಷ್ಯರಪ್ಪ ನೀವು, ಕರಿಯ ಆಳುಹೆಂಗಸಿನ ಪೆಟ್ಟಿಗೆ ಶೋಧಿಸ್ತೀರಾ ಅಂತ ಮೂದಲಿಸಿದಳು. ನಾಚಿಕೊಂಡು ಮುಂದೆ ಹೋದರು.

ಸೆಜ್‌ವಿಕ್‌ನ ರಾಜಕೀಯ ಜೀವನವನ್ನು ಬೇಗ ಹೇಳಿ ಮುಗಿಸಬಹುದು. 1789ರಲ್ಲಿ ದೇಶದ ಹೊಸ ಸಂವಿಧಾನದ ಮೊದಲ ಸಂಸತ್ತಿಗೇ ಆಯ್ಕೆಯಾದ. ದೇಶದ ಮೊದಲ ಖಜಾನೆ ಮಂತ್ರಿ ಹ್ಯಾಮಿಲ್ಟನ್ ಬಣದ ಕಟ್ಟಾ ಫೆಡರಲಿಸ್ಟ್, ಅಂದರೆ ಕೇಂದ್ರ ಸರ್ಕಾರ ಬಲವಾಗಿರಬೇಕು ಅನ್ನುವ ಪಕ್ಷದವನು. ಸ್ವಾತಂತ್ರ್ಯ ಯುದ್ಧಕ್ಕೆ ರಾಜ್ಯಗಳು ಮಾಡಿದ ಸಾಲವನ್ನು ಕೇಂದ್ರವೇ ವಹಿಸಿಕೊಳ್ಳಬೇಕು ಅನ್ನುವ ಪ್ರಸ್ತಾವ 1790ರ ಏಪ್ರಿಲ್‌ನಲ್ಲಿ ಎರಡೇ ಮತದಿಂದ ಬಿದ್ದುಹೋಯಿತು. ಅವತ್ತು ಸೆಜ್‌ವಿಕ್ ಭಾಷಣ ಮಾಡುತ್ತಾ ಮಾಡುತ್ತಾ ಟೋಪಿ ಎತ್ತಿಕೊಂಡು ಹೊರಗೆ ಹೋದ. ವಾಪಸ್ ಬಂದಾಗ ಮುಖದಲ್ಲಿ ಅತ್ತ ಗುರುತಿತ್ತು ಅಂತ ಎದುರು ಬಣದ ಸೆನೆಟರ್ ಮೆಕ್ಲೇ ಡೈರಿಯಲ್ಲಿ ಕುಹಕವಾಡಿದ್ದಾನೆ. ಆಮೇಲೆ ಮೇಲ್ಮನೆಯಾದ ಸೆನೆಟ್, 1799ರಿಂದ ಕೆಳಮನೆಯ ಸ್ಪೀಕರ್ ಕುರ್ಚಿ. ಜೆಫರ್ಸನ್ ಮತ್ತು ಆರನ್ ಬರ್ ಅಧ್ಯಕ್ಷ ಪದವಿಗೆ ಸಮಸಮ ಮತ ಪಡೆದಾಗ, ಯಾರು ಅಧ್ಯಕ್ಷ ಅನ್ನೋದನ್ನು ಕೆಳಮನೆಯೇ ತೀರ್ಮಾನಿಸಬೇಕಾಯಿತು. 1801ರ ಫೆಬ್ರವರಿಯಲ್ಲಿ ಅದು 36 ಸುತ್ತು ಮತ ಹಾಕಿತು, ಆಗ ಸ್ಪೀಕರ್ ಇವನೇ. ಇವನ ಒಲವು ಬರ್ ಕಡೆಗೆ. ಬರ್ ಬೇರೆ ಯಾರೂ ಅಲ್ಲ, ಟ್ಯಾಪಿಂಗ್ ರೀವ್‌ನ ಭಾವಮೈದುನ. ಜೆಫರ್ಸನ್ ಗೆದ್ದ. ಸೆಜ್‌ವಿಕ್ ಸಂಸತ್ತು ಬಿಟ್ಟು ಊರಿಗೆ ಬಂದ, ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟಿನ ಜಡ್ಜ್ ಆದ.

ಅವನು ನ್ಯೂಯಾರ್ಕ್, ಫಿಲಡೆಲ್ಫಿಯಾ ಅಂತ ಇದ್ದ ವರ್ಷಗಳಲ್ಲಿ ಸ್ಟಾಕ್‌ಬ್ರಿಜ್‌ನಲ್ಲಿ ಏನಾಗುತ್ತಿತ್ತು? ಪಮೇಲಾ ಹತ್ತು ಮಕ್ಕಳನ್ನು ಹೆತ್ತಳು, ಏಳು ಉಳಿದವು. ಸಂಸತ್ತು ಸೇರಿತೆಂದರೆ ಗಂಡ ತಿಂಗಳುಗಟ್ಟಲೆ ಮನೆಯಲ್ಲಿಲ್ಲ. ಬರ್ಕ್‌ಷೈರ್ ಬೆಟ್ಟಗಳ ಚಳಿಗಾಲ ಬೇರೆ. ಅವಳಿಗೆ ಖಿನ್ನತೆ ಹಿಡಿಯಿತು. ಬರುಬರುತ್ತಾ ಮನಸ್ಸೇ ಕದಡಿಹೋಗುವ ಕಾಲಗಳು ಬಂದವು. ನೀವಿಲ್ಲದೆ ಕಷ್ಟವಾಗುತ್ತಿದೆ ಅಂತ ಗಂಡನಿಗೆ ಬರೆಯುತ್ತಿದ್ದಳು. ದೇಶದ ಕೆಲಸ ಮುಖ್ಯ, ನನ್ನದನ್ನು ಲೆಕ್ಕಕ್ಕೆ ಇಡಬೇಡಿ ಅಂತಲೂ ಅವಳೇ ಬರೆಯುತ್ತಿದ್ದಳು. ಅವನಿಗೆ ಪ್ರೀತಿ ಇರಲಿಲ್ಲ ಅಂತಲ್ಲ. ಬಿಟ್ಟು ಬರುವ ಯೋಚನೆ ಮಾಡಿದ್ದೂ ಉಂಟು. ಆದರೆ ಬರಲಿಲ್ಲ. ಒಂದು ಚುನಾವಣೆ ಮುಗಿದರೆ ಇನ್ನೊಂದು. ಪಮೇಲಾ 1807ರಲ್ಲಿ ತೀರಿಕೊಂಡಳು. ಮರುವರ್ಷ ಅವನು ಮೂರನೇ ಮದುವೆಯಾದ.

ಅಮ್ಮನ ಮನಸ್ಸು ಹದ ತಪ್ಪಿದಾಗ ಅವಳನ್ನು ಸಮಾಧಾನ ಮಾಡಬಲ್ಲವಳು ಮನೆಯಲ್ಲಿ ಒಬ್ಬಳೇ, ಮಮ್‌ಬೆಟ್ ಅಂತ ಮಗಳು ಕ್ಯಾಥರಿನ್ ಬರೆದಿದ್ದಾಳೆ. ಮಕ್ಕಳನ್ನು ಬೆಳೆಸಿದ್ದೂ ಬಹುಪಾಲು ಅವಳೇ. ಯೋಚಿಸಿ: ದೊಡ್ಡ ವಕೀಲ ಕೋರ್ಟಿನಲ್ಲಿ ಒಬ್ಬ ಹೆಂಗಸನ್ನು ಬಿಡಿಸಿದ. ಅವನು ಇಪ್ಪತ್ತು ವರ್ಷ ನಿಶ್ಚಿಂತೆಯಾಗಿ ರಾಜಕೀಯ ಮಾಡಲು ಸಾಧ್ಯವಾದದ್ದು ಆ ಹೆಂಗಸು ಅವನ ಮನೆ ಹಿಡಿದು ನಿಂತಿದ್ದರಿಂದ. ಈ ಎರಡನೇ ಭಾಗ ಸೆಜ್‌ವಿಕ್‌ನ ಜೀವನಚರಿತ್ರೆಗಳಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ. ನನಗೆ ಅದೇ ಜಾಸ್ತಿ ಮುಖ್ಯ ಅನಿಸುತ್ತದೆ.

ಮನೆಯ ಇನ್ನೊಂದು ಗಂಟು ಹಿರಿಯ ಹೆಣ್ಣುಮಕ್ಕಳಲ್ಲಿ ಎರಡನೆಯವಳಾದ ಫ್ರಾನ್ಸಸ್‌ಳದ್ದು. ಗಂಡ ಎಬೆನೆಜರ್ ವಾಟ್ಸನ್ ಅವಳನ್ನು ಬಹಳ ಕೆಟ್ಟದಾಗಿ ನಡೆಸಿಕೊಂಡ. ಅಪ್ಪ ಜಡ್ಜ್, ಅಣ್ಣತಮ್ಮಂದಿರು ನಾಲ್ವರೂ ವಕೀಲರು. ಆದರೂ ಅವಳು ಬಿಟ್ಟು ಬರಲಾಗಲಿಲ್ಲ. ಕಾರಣ ಕವರ್ಚರ್ ಎಂಬ ಇಂಗ್ಲಿಷ್ ಕಾನೂನು. ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ, ಆ ವ್ಯಕ್ತಿ ಗಂಡ. ಹೆಂಡತಿಯ ದುಡಿಮೆ, ಒಡವೆ, ದುಡ್ಡು ಅವನದು. ಅವಳು ತನ್ನೊಬ್ಬಳ ಹೆಸರಲ್ಲಿ ದಾವೆ ಹೂಡುವಂತಿಲ್ಲ. ಮಕ್ಕಳ ಮೇಲಿನ ಹಕ್ಕೂ ಅವನದೇ. ಮನೆ ಬಿಟ್ಟರೆ ಮಕ್ಕಳನ್ನೂ ಬಿಡಬೇಕು. ಬೆಟ್ ತನ್ನ ಹೆಸರಲ್ಲೇ ಕೋರ್ಟಿಗೆ ಹೋಗಿದ್ದಳು. ದಾಖಲೆಯಲ್ಲಿ ಅವಳನ್ನು ಒಂಟಿ ಹೆಂಗಸು ಅಂತಲೇ ಬರೆದಿದೆ. ಅವಳಿಗೆ ಸಿಕ್ಕ ಬಾಗಿಲು ಅವಳ ವಕೀಲನ ಮಗಳಿಗೆ ಸಿಗಲಿಲ್ಲ. ಇನ್ನೂ ಒಂದು ತಮಾಷೆ ಇದೆ. ಬೆಟ್ ಪರ ವಾದಿಸಿದ ಟ್ಯಾಪಿಂಗ್ ರೀವ್ ಮುಂದೆ ಲಿಚ್‌ಫೀಲ್ಡ್‌ನಲ್ಲಿ ಹೆಸರುವಾಸಿ ಲಾ ಸ್ಕೂಲ್ ನಡೆಸಿದ. 1816ರಲ್ಲಿ ಒಂದು ದಪ್ಪ ಕಾನೂನು ಪುಸ್ತಕ ಬರೆದ. ಅದರ ವಿಷಯ ಗಂಡ ಹೆಂಡಿರ ಕಾನೂನೇ.

ಕ್ಯಾಥರಿನ್ ಮದುವೆಯೇ ಆಗಲಿಲ್ಲ. ಕೇಳಿ ಬಂದವರನ್ನು ಬೇಡ ಅಂದಳು. ಅಣ್ಣತಮ್ಮಂದಿರ ಮನೆಗಳಲ್ಲಿ ಇದ್ದುಕೊಂಡು ಕಾದಂಬರಿ ಬರೆದಳು, ತನ್ನ ಕಾಲದ ಅತಿ ಪ್ರಸಿದ್ಧ ಲೇಖಕಿಯರಲ್ಲಿ ಒಬ್ಬಳಾದಳು. ಸಲಿಕೆಯ ಏಟು, ಬೆಳ್ಳಿ ಪೆಟ್ಟಿಗೆ, ಸಂವಿಧಾನದ ಮಾತು ಕೇಳಿ ವಕೀಲನ ಹತ್ತಿರ ಬಂದದ್ದು, ಇದೆಲ್ಲ ನಮಗೆ ಮುಖ್ಯವಾಗಿ ಗೊತ್ತಿರುವುದು ಅವಳ ಬರಹದಿಂದ. ಕೋರ್ಟ್ ದಾಖಲೆಯಲ್ಲಿ ಇದ್ಯಾವುದೂ ಇಲ್ಲ. ಅವಳು ಬರೆದದ್ದು ಘಟನೆ ನಡೆದು ಎಷ್ಟೋ ದಶಕ ಆದ ಮೇಲೆ, ಅಪ್ಪನ ಮೇಲಿನ ಅಭಿಮಾನದಿಂದ, ಮಮ್‌ಬೆಟ್ ಮೇಲಿನ ಅಕ್ಕರೆಯಿಂದ. ಹಾಗಾಗಿ ಸಂಭಾಷಣೆಗಳನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಅವಳು ಅಪ್ಪನಿಗೆ ಸುಮ್ನೆ ಬೆಣ್ಣೆ ಹಚ್ಚಿದವಳೂ ಅಲ್ಲ. ಅಪ್ಪ ಸಾಮಾನ್ಯ ಜನರನ್ನು ಎಷ್ಟು ಹಗುರವಾಗಿ ಮಾತಾಡುತ್ತಿದ್ದ, ಟೋಪಿ ತೆಗೆಯದೆ ಮುಂಬಾಗಿಲಿಗೆ ಬಂದವನನ್ನು ಹೇಗೆ ಮೆಟ್ಟಿಲಿಂದ ಇಳಿಸಿದ ಅನ್ನೋದನ್ನೂ ಬರೆದಿಟ್ಟಿದ್ದಾಳೆ.

ಮಮ್‌ಬೆಟ್ ತನ್ನ ದುಡಿಮೆಯಲ್ಲಿ ಸ್ಟಾಕ್‌ಬ್ರಿಜ್‌ನಲ್ಲಿ ಸ್ವಂತ ಮನೆ, ಜಮೀನು ಮಾಡಿಕೊಂಡಳು. 1811ರಲ್ಲಿ ಸೆಜ್‌ವಿಕ್‌ನ ಸೊಸೆ ಸೂಸನ್ ದಂತದ ಮೇಲೆ ಅವಳ ಪುಟ್ಟ ಚಿತ್ರ ಬರೆದಳು. ನೀಲಿ ಉಡುಪು, ಬಿಳಿ ಟೋಪಿ, ಕೊರಳಲ್ಲಿ ಚಿನ್ನದ ಗುಂಡುಗಳ ಸರ. 1829ರಲ್ಲಿ ಉಯಿಲು ಮಾಡಿ, ಸಹಿ ಬಾರದ ಕಾರಣ ಗುರುತು ಹಾಕಿ, ಮಗಳಿಗೆ ಮತ್ತು ಅವಳ ಮಕ್ಕಳಿಗೆ ಆಸ್ತಿ ಬಿಟ್ಟು ಡಿಸೆಂಬರ್‌ನಲ್ಲಿ ತೀರಿಕೊಂಡಳು. ಅವಳ ಸಮಾಧಿ ಸೆಜ್‌ವಿಕ್ ಕುಟುಂಬದ ಸ್ಮಶಾನದಲ್ಲೇ ಇದೆ. ಆ ಜಾಗ ವಿಚಿತ್ರ. ನಡುವೆ ಥಿಯೋಡರ್ ಮತ್ತು ಪಮೇಲಾ, ಸುತ್ತ ವೃತ್ತವೃತ್ತವಾಗಿ ಮಕ್ಕಳು ಮೊಮ್ಮಕ್ಕಳು, ಎಲ್ಲರ ಕಾಲೂ ನಡುವಿನ ಕಡೆಗೆ. ಅಂತಿಮ ತೀರ್ಪಿನ ದಿನ ಎದ್ದು ಕೂತಾಗ ಸೆಜ್‌ವಿಕ್‌ಗಳನ್ನು ಬಿಟ್ಟು ಇನ್ಯಾರೂ ಕಾಣಬಾರದು ಅನ್ನೋದು ಇದರ ಲೆಕ್ಕ ಅಂತ ಊರವರ ನಗೆಮಾತು. ಒಳ ಸುತ್ತಿನಲ್ಲಿ ಆ ವಂಶದವಳಲ್ಲದವಳು ಮಮ್‌ಬೆಟ್ ಒಬ್ಬಳೇ. ಇದನ್ನು ಗೌರವ ಅನ್ನುವವರಿದ್ದಾರೆ. ಸ್ವಂತ ಮಗಳು ಮೊಮ್ಮಕ್ಕಳು ಇದ್ದವಳನ್ನು ತಮ್ಮವಳಾಗಿ ಮಾಡಿಕೊಂಡುಬಿಟ್ಟರು ಅಂತಲೂ ಹೇಳಬಹುದು. 2022ರಲ್ಲಿ ಶೆಫೀಲ್ಡಿನಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು.

ಥಿಯೋಡರ್ ಸತ್ತದ್ದು 1813ರ ಜನವರಿಯಲ್ಲಿ, ಬಾಸ್ಟನ್ನಿನಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, ಅವನು ಜಡ್ಜ್ ಆಗಿದ್ದಾಗ, ಗ್ರೀನ್‌ವುಡ್ ವಿರುದ್ಧ ಕರ್ಟಿಸ್ ಅಂತ ಒಂದು ಕೇಸು ಬಂತು. ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಕ್ಕೆ ಸಂಬಂಧಿಸಿದ ಒಪ್ಪಂದದ ಬಾಕಿ ವಸೂಲಿ. ಒಪ್ಪಂದ ನಡೆದ ಜಾಗದಲ್ಲಿ ಅದು ಕಾನೂನುಬದ್ಧವಾಗಿತ್ತು, ಬಾಕಿ ಕೊಡಬೇಕು ಅಂತ ಉಳಿದ ಜಡ್ಜ್‌ಗಳು ಹೇಳಿದರು. ಸೆಜ್‌ವಿಕ್ ಒಪ್ಪಲಿಲ್ಲ. ಮನುಷ್ಯರನ್ನು ಸರಕು ಮಾಡಿದ ಒಪ್ಪಂದಕ್ಕೆ ಈ ಕೋರ್ಟು ಕೈ ಹಚ್ಚಬಾರದು ಅಂತ ಬೇರೆಯೇ ಅಭಿಪ್ರಾಯ ಬರೆದ. 1777ರಲ್ಲಿ ಟಾನ್‌ಳನ್ನು ಕೊಂಡವನು ಬರೆದದ್ದು ಇದು.

ಅವನ ಮೊಮ್ಮಗ, ಮೂರನೇ ಥಿಯೋಡರ್ ಸೆಜ್‌ವಿಕ್, ನ್ಯೂಯಾರ್ಕಿನಲ್ಲಿ ವಕೀಲ. 1839ರಲ್ಲಿ ಅಮಿಸ್ಟಾಡ್ ಎಂಬ ಸ್ಪೇನಿನ ಹಡಗು ಅಮೆರಿಕದ ಕರಾವಳಿಯಲ್ಲಿ ಸಿಕ್ಕಿಬಿತ್ತು. ಅದರಲ್ಲಿದ್ದ ಆಫ್ರಿಕನ್ನರು ಹಡಗನ್ನು ತಾವೇ ವಶಮಾಡಿಕೊಂಡಿದ್ದರು. ಇವರು ನಮ್ಮ ಸರಕು, ಎರಡು ದೇಶಗಳ ನಡುವಿನ ಒಪ್ಪಂದದ ಪ್ರಕಾರ ವಾಪಸ್ ಕೊಡಿ ಅಂತ ಸ್ಪೇನಿನವರು ಕೇಳಿದರು. ಆಫ್ರಿಕನ್ನರ ಪರ ಮೊದಲಿಗೆ ನಿಂತ ಮೂವರು ವಕೀಲರಲ್ಲಿ ಈ ಮೊಮ್ಮಗನೂ ಒಬ್ಬ. ಇವರು ಅಪಹರಣವಾದ ಸ್ವತಂತ್ರ ಜನ, ಯಾರ ಸ್ವತ್ತೂ ಅಲ್ಲ ಅಂತ 1841ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬದುಕಿ ಉಳಿದಿದ್ದ 35 ಜನ ಮರುವರ್ಷ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ತಲುಪಿದರು.